ಸಂಘದ ವರ್ಕ್‌ಶಾಪಿನಲ್ಲಿ ಗರಗಸದ ಬೀಗ ಯಾರ ಕೈಯಲ್ಲಿರಬೇಕು?

ಪ್ರಶ್ನೆ: ಮೈಸೂರಿನಲ್ಲಿ ನಾವು 45 ಮಂದಿ ಸೇರಿ ಸಂಘ ನೋಂದಾಯಿಸಿಕೊಂಡು ಒಂದು ವರ್ಕ್‌ಶಾಪ್ ನಡೆಸುತ್ತಿದ್ದೇವೆ. ಸಿಂಗಲ್ ಫೇಸಿನ 2 ಎಚ್‌ಪಿ ಮೋಟರ್ ಇರುವ 10 ಇಂಚಿನ ಟೇಬಲ್ ಸಾ (ಮೇಜಿಗೆ ಕೂರಿಸಿದ ಗರಗಸ), ತ್ರೀ ಫೇಸ್ ಲೇತ್ (ತುಂಡನ್ನು ತಿರುಗಿಸಿ ಕಡೆಯುವ ಯಂತ್ರ), ಡ್ರಿಲ್ ಮೆಷಿನ್, ವೆಲ್ಡಿಂಗ್ ಸೆಟ್, 4 ಇಂಚಿನ ಮೂರು ಗ್ರೈಂಡರ್ ಇವೆ. ಬಾಗಿಲಿನ ಕೀಲಿ ಎಲ್ಲರ ಬಳಿಯೂ ಇದೆ. ಹೋದ ತಿಂಗಳು ಹೊಸ ಸದಸ್ಯರೊಬ್ಬರು ಯಾರಿಗೂ ಹೇಳದೆ ಟೇಬಲ್ ಸಾ ಓಡಿಸಿದರು. ಹಲಗೆ ಚಿಮ್ಮಿ ಹೊಟ್ಟೆಗೆ ಬಡಿದು ಕಂದುಗಟ್ಟಿತು. ಕಾರ್ಡ್ ಮುಟ್ಟಿಸಿದರೆ ಮಾತ್ರ ಯಂತ್ರ ಶುರುವಾಗುವಂತೆ ಮಾಡೋಣ ಎಂದು ಕೆಲವರು, ಒಂದು ಬೀಗ ಸಾಕು ಎಂದು ಕೆಲವರು. ಯಾವುದು ಸರಿ?

ಉತ್ತರ: ಬರೀ ಕಂದುಗಟ್ಟಿ ಮುಗಿದದ್ದು ನಿಮ್ಮ ಪುಣ್ಯ. ಕಿಕ್‌ಬ್ಯಾಕ್ ಎನ್ನುವ ಈ ಪೆಟ್ಟಿನಲ್ಲಿ ಹೊಟ್ಟೆಗಿಂತ ಕೈಗೆ ಅಪಾಯ ಹೆಚ್ಚು. ಮರ ಹಿಂದಕ್ಕೆ ಹಾರುವಾಗ ಅದನ್ನು ಒತ್ತಿ ಹಿಡಿದಿದ್ದ ಕೈ ಆಸರೆ ತಪ್ಪಿ ಬ್ಲೇಡಿನ ಮೇಲೆ ಹೋಗುತ್ತದೆ. 10 ಇಂಚಿನ ಬ್ಲೇಡ್ ನಿಮಿಷಕ್ಕೆ 4000 ಸುತ್ತು ತಿರುಗುತ್ತಿದ್ದರೆ ಅದರ ಹಲ್ಲು ಗಂಟೆಗೆ 190 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ. ಕೈ ಹಿಂದಕ್ಕೆ ಎಳೆದುಕೊಳ್ಳಲು ಸಮಯ ಸಿಗುವುದಿಲ್ಲ.

ಬೀಗವೋ ಕಾರ್ಡೋ ಎಂಬ ಪ್ರಶ್ನೆ ಎರಡನೆಯದು. ಯಾರು ಯಾವ ಯಂತ್ರ ಮುಟ್ಟಬಹುದು ಎಂದು ಒಬ್ಬ ಮನುಷ್ಯ ನೋಡಿ, ಪರೀಕ್ಷಿಸಿ, ಸಹಿ ಹಾಕಬೇಕು. ಬೀಗ, ಕಾರ್ಡ್ ಎರಡೂ ಆ ತೀರ್ಮಾನವನ್ನು ನೆನಪಿಟ್ಟುಕೊಳ್ಳುವ ಸಾಧನ ಮಾತ್ರ. ತೀರ್ಮಾನವೇ ಸಡಿಲವಾಗಿದ್ದರೆ ಎಷ್ಟು ಒಳ್ಳೆಯ ಕಾರ್ಡ್ ರೀಡರ್ ತಂದರೂ ಅದು ತಪ್ಪು ಜನರಿಗೆ ನಿಷ್ಠೆಯಿಂದ ಬಾಗಿಲು ತೆರೆಯುತ್ತದೆ. ಹಾಗಾಗಿ ಮೊದಲು ಪುಸ್ತಕ, ಆಮೇಲೆ ವೈರು.

ಸಲಕರಣೆಗಳನ್ನು ಮೂರು ಬಣ್ಣಕ್ಕೆ ಹಂಚಿ. ಕೈಗರಗಸ, ಉಳಿ, ವೈಸ್, ಬ್ಯಾಟರಿ ಡ್ರಿಲ್ ಹಸಿರು: ಸದಸ್ಯರೆಲ್ಲರೂ ಬಳಸಬಹುದು. ಡ್ರಿಲ್ ಮೆಷಿನ್, ಜಿಗ್‌ಸಾ, ಸ್ಯಾಂಡರ್ ಹಳದಿ: ಬಲ್ಲವರೊಬ್ಬರು ಅರ್ಧ ಗಂಟೆ ಜೊತೆ ನಿಂತು ತೋರಿಸಿರಬೇಕು. ಟೇಬಲ್ ಸಾ, ಲೇತ್, ವೆಲ್ಡಿಂಗ್ ಕೆಂಪು. ಗ್ರೈಂಡರ್ ಅನ್ನೂ ಕೆಂಪಿಗೇ ಹಾಕಿ. ಚಿಕ್ಕದು, ಎಲ್ಲರ ಮನೆಯಲ್ಲೂ ಇದೆ ಎಂದು ಅದನ್ನು ಹಸಿರಿಗೆ ಬಿಡುವವರೇ ಹೆಚ್ಚು, ಅದು ದೊಡ್ಡ ತಪ್ಪು. ಕಾರಣ ಮುಂದೆ ಬರುತ್ತದೆ.

ಕೆಂಪು ಯಂತ್ರದ ಅನುಮತಿ ಯಂತ್ರವಾರು ಇರಲಿ. ಲೇತ್ ಬಲ್ಲವರಿಗೆ ಟೇಬಲ್ ಸಾ ಬರಬೇಕೆಂದಿಲ್ಲ. ಒಂದು ಬ್ಯಾಚಿಗೆ ಮೂರು, ಹೆಚ್ಚೆಂದರೆ ನಾಲ್ಕು ಜನ. ಹತ್ತು ಜನರನ್ನು ಸುತ್ತ ನಿಲ್ಲಿಸಿ ತೋರಿಸಿದರೆ ಹಿಂದಿನ ಸಾಲಿನವರಿಗೆ ಬ್ಲೇಡೇ ಕಾಣುವುದಿಲ್ಲ, ಹಾಜರಿ ಪುಸ್ತಕದಲ್ಲಿ ಮಾತ್ರ ಎಲ್ಲರೂ ಕಲಿತಿರುತ್ತಾರೆ. ಹೇಳುವುದು, ಮಾಡಿ ತೋರಿಸುವುದು, ಅವರಿಂದ ಮಾಡಿಸುವುದು ಎಂಬ ಮೂರು ಹಂತದಲ್ಲಿ ಮೂರನೆಯದಕ್ಕೇ ಅರ್ಧಕ್ಕಿಂತ ಹೆಚ್ಚು ಹೊತ್ತು ಕೊಡಿ.

ಟೇಬಲ್ ಸಾ ಪರೀಕ್ಷೆ ಹೀಗಿರಲಿ. ಪ್ಲಗ್ ಕಿತ್ತಿಟ್ಟು, ಪರೀಕ್ಷಕರು ಬೇಕೆಂದೇ ಎರಡು ತಪ್ಪು ಮಾಡಿಡಬೇಕು: ಬ್ಲೇಡಿನ ಹಿಂದಿರುವ ರೈವಿಂಗ್ ನೈಫ್ ತೆಗೆದಿಡುವುದು, ಬ್ಲೇಡನ್ನು ಪೂರ್ತಿ ಮೇಲಕ್ಕೆ ಏರಿಸಿಡುವುದು. ಪರೀಕ್ಷೆಗೆ ಬಂದವರು ಯಾರೂ ಹೇಳದೆ ಎರಡನ್ನೂ ಕಂಡುಹಿಡಿದು ಸರಿಮಾಡಬೇಕು. ಕೊಯ್ದ ಸೀಳು ಹಿಂದುಗಡೆ ಕೂಡಿಕೊಂಡು ಬ್ಲೇಡನ್ನು ಅಮುಕದಂತೆ ತಡೆಯುವುದು ಆ ನೈಫ್. ಬ್ಲೇಡಿಗೂ ಅದಕ್ಕೂ 3ರಿಂದ 8 ಮಿ.ಮೀ. ಅಂತರ ಇರಬೇಕು. ಬ್ಲೇಡಿನ ಎತ್ತರ ಹಲ್ಲುಗಳ ನಡುವಿನ ಕಚ್ಚು ಮರದ ಮೇಲ್ಮೈ ದಾಟುವಷ್ಟಿದ್ದರೆ ಸಾಕು. ಬಳಿಕ ಪ್ಲಗ್ ಹಾಕಿ ಮೂರು ಕೊಯ್ತ: 300 ಮಿ.ಮೀ. ಅಗಲದ ಪ್ಲೈವುಡ್, ಪುಷ್ ಸ್ಟಿಕ್ (ಮರ ತಳ್ಳುವ ಕೋಲು) ಹಿಡಿದು 50 ಮಿ.ಮೀ. ಪಟ್ಟಿ, ಮೈಟರ್ ಗೇಜಿನಲ್ಲಿ (ಮರವನ್ನು ಅಡ್ಡ ಹಿಡಿದು ಜಾರಿಸುವ ಸಾಧನ) ಅಡ್ಡ ಕೊಯ್ತ. ಕೊಯ್ತ ನೇರ ಬಂತೇ ಎನ್ನುವುದಕ್ಕಿಂತ ಅವರು ಎಲ್ಲಿ ನಿಂತಿದ್ದಾರೆ ನೋಡಿ. ಬ್ಲೇಡಿನ ನೇರಕ್ಕೆ ನಿಂತವರು ಮುಂದಿನ ವಾರ ಮತ್ತೆ ಬರಲಿ. ಅಡ್ಡ ಕೊಯ್ತದಲ್ಲಿ ಮೈಟರ್ ಗೇಜ್, ಫೆನ್ಸ್ (ಬ್ಲೇಡಿಗೆ ಸಮಾನಾಂತರವಾಗಿ ನಿಲ್ಲುವ ಆಸರೆ ಪಟ್ಟಿ) ಎರಡಕ್ಕೂ ಮರ ಒರಗಿಸಿದರೂ ಅಷ್ಟೇ, ಯಾಕೆಂದರೆ ತುಂಡಾದ ಮರ ಫೆನ್ಸಿಗೂ ಬ್ಲೇಡಿಗೂ ನಡುವೆ ಓರೆಯಾಗಿ ಸಿಕ್ಕಿ ಹಾರುತ್ತದೆ. ನಿಮ್ಮಲ್ಲಿ ಆದ ಅವಘಡಕ್ಕೆ ಈ ತಪ್ಪುಗಳಲ್ಲಿ ಒಂದು ಕಾರಣವಾಗಿರುವ ಸಂಭವವೇ ಹೆಚ್ಚು.

ಲೇತಿನಲ್ಲಿ ಮುಖ್ಯವಾಗಿ ನೋಡಬೇಕಾದದ್ದು ಚಕ್ ಕೀ, ಅಂದರೆ ತುಂಡನ್ನು ಹಿಡಿಯುವ ಚಕ್ಕನ್ನು ಬಿಗಿಮಾಡುವ ಕೀಲಿ. ಕೀ ಚಕ್ಕಿನಲ್ಲಿ ಇರುವಷ್ಟು ಹೊತ್ತೂ ಕೈ ಅದರ ಮೇಲೆಯೇ ಇರಬೇಕು. ಅಳತೆ ನೋಡಲೆಂದು ಒಂದು ಕ್ಷಣ ಬಿಟ್ಟರೂ ಪರೀಕ್ಷೆ ಅಲ್ಲಿಗೆ ನಿಲ್ಲಲಿ. ಕೈಗವಸು, ಉದ್ದ ತೋಳು, ದುಪಟ್ಟಾ, ಬಿಟ್ಟ ಜಡೆ, ಕೊರಳ ಸರ, ಕೈದಾರ ಯಾವುದೂ ಕೂಡದು. ಮಣಿಕಟ್ಟಿನ ದಾರ ದೇವಸ್ಥಾನದ್ದು, ಬಿಚ್ಚಲಾರೆ ಎನ್ನುವವರಿಗೆ ಗೌರವದಿಂದಲೇ ಹೇಳಿ: ದಾರ ಇರುವವರೆಗೆ ಲೇತ್ ಬೇಡ.

ಅನುಮತಿಗೆ ಒಂದು ವರ್ಷದ ಆಯುಸ್ಸು. ನಡುವೆ ಮೂರು ತಿಂಗಳು ಆ ಯಂತ್ರ ಮುಟ್ಟದಿದ್ದರೆ, ಮತ್ತೆ ಹತ್ತು ನಿಮಿಷ ಯಾರಾದರೂ ಜೊತೆ ನಿಂತು ನೋಡಬೇಕು. ಪುಸ್ತಕದಲ್ಲಿ ಸದಸ್ಯರ ಹೆಸರು, ಯಂತ್ರ, ದಿನಾಂಕ, ಪರೀಕ್ಷಕರ ಹೆಸರು, ಇಬ್ಬರ ಸಹಿ ಇರಲಿ. ತನ್ನ ಹೆಸರಿನ ಮುಂದೆ ತಾನೇ ಪರೀಕ್ಷಕನಾಗಿ ಸಹಿ ಹಾಕಲು ಯಾರಿಗೂ ಅವಕಾಶ ಬೇಡ, ಬೇಲಿಯೇ ಎದ್ದು ಹೊಲ ಮೇಯುವುದು ಅಲ್ಲಿಂದಲೇ ಶುರು.

ಇನ್ನು ದಾಕ್ಷಿಣ್ಯದ ಮಾತು. ಇಂಥ ಸಂಘಗಳಲ್ಲಿ ನಿಯಮ ಮುರಿಯುವುದು ಹೊಸಬರಿಂದಲ್ಲ. 'ನಾನು ಮೂವತ್ತು ವರ್ಷದಿಂದ ಗರಗಸ ಹಿಡಿದವನು, ನನಗೇನು ಪರೀಕ್ಷೆ' ಎನ್ನುವ ಹಿರಿಯರಿಂದ, ಸ್ಥಾಪಕ ಸದಸ್ಯರಿಂದ, ಕೆಲಸಕ್ಕೆ ಕರೆಸಿದ ಮೇಸ್ತ್ರಿಯಿಂದ. ಅವರಿಗೆ ಒಂದು ಸಲ ವಿನಾಯಿತಿ ಕೊಟ್ಟರೆ ಮಿಕ್ಕ 44 ಜನರಿಗೂ ನಿಯಮ ಸತ್ತಂತೆ. ದಾರಿ ಇದೆ: ಮೊದಲ ಪರೀಕ್ಷೆ ಅವರದೇ ಆಗಲಿ, ಎಲ್ಲರೆದುರು. ನಿಜವಾಗಿ ಬಲ್ಲವರಿಗೆ ಅದು ಹತ್ತು ನಿಮಿಷದ ಕೆಲಸ. ಮುಗಿದ ಕೂಡಲೇ ಅವರನ್ನೇ ಪರೀಕ್ಷಕರನ್ನಾಗಿ ಮಾಡಿ. ನಿಮ್ಮದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಬಂದ ಸಂಘವಾದರೆ ಈ ನಿಯಮಗಳನ್ನು ಸರ್ವಸದಸ್ಯರ ಸಭೆಯಲ್ಲಿ ಠರಾವು ಮಾಡಿಸಿ. ಬಾಯಿಮಾತಿನ ನಿಯಮಕ್ಕೆ 'ಈ ಒಂದು ಸಲ ಅಡ್ಜಸ್ಟ್ ಮಾಡ್ಕೊಳ್ಳಿ' ಎನ್ನುವುದು ಸುಲಭ, ಠರಾವಿಗೆ ಅಷ್ಟು ಸುಲಭವಲ್ಲ. 18 ತುಂಬದವರಿಗೆ ಕೆಂಪು ಯಂತ್ರ ಬೇಡವೇ ಬೇಡ. ಅಪಾಯದ ಯಂತ್ರದ ಮುಂದೆ ಎಳೆಯರನ್ನು ತಿಳಿವಳಿಕೆ, ತರಬೇತಿ ಇಲ್ಲದೆ ನಿಲ್ಲಿಸಬಾರದೆಂದು 1948ರ ಕಾರ್ಖಾನೆ ಕಾಯ್ದೆ 23ನೇ ಕಲಮಿನಲ್ಲೇ ಬರೆದಿಟ್ಟಿತು. ನಿಮ್ಮದು ಕಾರ್ಖಾನೆಯಲ್ಲದಿದ್ದರೂ ಆ ವಿವೇಕ ನಿಮಗೂ ಸಲ್ಲುತ್ತದೆ.

ಈಗ ಬೀಗ. ಪ್ಲಗ್ಗನ್ನೇ ಒಳಗಿಟ್ಟು ಮುಚ್ಚಿ ಬೀಗ ಹಾಕುವ ಪ್ಲಾಸ್ಟಿಕ್ ಡಬ್ಬಿ ಸಿಗುತ್ತದೆ, ಸುರಕ್ಷತಾ ಸಾಮಗ್ರಿ ಮಾರುವವರಲ್ಲಿ ಪ್ಲಗ್ ಲಾಕೌಟ್ ಎಂದು ಕೇಳಿ. ಟೇಬಲ್ ಸಾಗೆ ಇದನ್ನು ಈ ವಾರವೇ ಹಾಕಬಹುದು. ನೇರ ವೈರಿಂಗ್ ಇರುವ ಲೇತಿಗೆ, ಆಫ್ ಸ್ಥಾನದಲ್ಲಿ ಬೀಗ ತೂರಿಸಲು ತೂತಿರುವ ಐಸೊಲೇಟರ್ (ಕರೆಂಟ್ ಪೂರ್ತಿ ಕಡಿಯುವ) ಸ್ವಿಚ್ ಹಾಕಿಸಿ. ಬೀಗದ ತೊಂದರೆ ಒಂದೇ: ಕೀಲಿ ಕೈಯಿಂದ ಕೈಗೆ ದಾಟುತ್ತದೆ, ಯಾರು ಯಾವಾಗ ತೆರೆದರು ಎಂದು ಉಳಿಯುವುದಿಲ್ಲ. ಇಪ್ಪತ್ತು ಜನರ ಕೂಟಕ್ಕೆ ಬೀಗ, ಪುಸ್ತಕ ಸಾಕು. ಎಲ್ಲರ ಬಳಿಯೂ ಬಾಗಿಲಿನ ಕೀಲಿ ಇರುವ 45 ಜನರ ಸಂಘಕ್ಕೆ ಸಾಲದು.

ಕಾರ್ಡ್ ವ್ಯವಸ್ಥೆಯಲ್ಲಿ ಎಲ್ಲರೂ ತಲೆಕೆಡಿಸಿಕೊಳ್ಳುವುದು ಕಾರ್ಡ್ ನಕಲಾದರೇನು ಎಂದು. 125 ಕಿಲೊಹರ್ಟ್ಸ್ ಕಾರ್ಡ್ ನಿಮಿಷದಲ್ಲಿ ನಕಲಾಗುತ್ತದೆ, 13.56 ಮೆಗಾಹರ್ಟ್ಸಿನ ಮೈಫೇರ್ ಕ್ಲಾಸಿಕ್ ಎಂಬ ಬಗೆಯ ಕಾರ್ಡ್ ಕೂಡ ಗಟ್ಟಿಯಲ್ಲ, ನಿಜ. ಆದರೆ ಪರಸ್ಪರ ಪರಿಚಯವಿರುವ 45 ಜನರಲ್ಲಿ ಕಾರ್ಡ್ ನಕಲು ಮಾಡುವವರು ಯಾರೂ ಇರುವುದಿಲ್ಲ, 'ಇಗೋ ನನ್ನದು ತಗೊಳ್ಳಿ, ಬೇಗ ಕೊಡಿ' ಎನ್ನುವವರು ಇರುತ್ತಾರೆ. ಹಾಗಾಗಿ ಮುಟ್ಟಿಸಿ ತೆಗೆಯುವ ರೀಡರ್ ಬದಲು, ಕಾರ್ಡನ್ನು ಒಂದು ಗೂಡಿನಲ್ಲಿ ಇಟ್ಟಿರುವಷ್ಟು ಹೊತ್ತು ಮಾತ್ರ ಅನುಮತಿ ಇರುವಂತೆ ಮಾಡಿ, ಬಾಗಿಲಿಗೂ ಅದೇ ಕಾರ್ಡ್ ಕೊಡಿ. ಬಾಗಿಲ ಕಾರ್ಡನ್ನು ಬಿಟ್ಟು ಮನೆಗೆ ಹೋಗುವವರು ಕಡಿಮೆ. ಯಂತ್ರದ ಮೇಲಿನ ಪುಟ್ಟ ಪರದೆಯಲ್ಲಿ ಕಾರ್ಡಿನವರ ಹೆಸರು ದೊಡ್ಡದಾಗಿ ಕಾಣಲಿ. ಫೋನನ್ನು ಕಾರ್ಡಿನಂತೆ ಬಳಸುವ ಆಸೆ ಬೇಡ, ಹಲವು ಫೋನುಗಳು ಪ್ರತಿ ಸಲವೂ ಬೇರೆ ಬೇರೆ ಸಂಖ್ಯೆ ಕೊಡುತ್ತವೆ.

ವೈರಿಂಗಿಗೆ ಬರೋಣ. ಇಎಸ್‌ಪಿ32 ಬೋರ್ಡ್ (ಪುಟ್ಟ ಕಂಪ್ಯೂಟರ್), ಆರ್‌ಸಿ522 ಕಾರ್ಡ್ ರೀಡರ್, ನೀಲಿ ರಿಲೇ (ಬೋರ್ಡಿನ ಆಜ್ಞೆಗೆ ಸೇರಿ ಬಿಡುವ ಸಣ್ಣ ಸ್ವಿಚ್) ಎಲ್ಲ ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಸಿಗುತ್ತವೆ. ಅನೇಕರು ಆ ನೀಲಿ ರಿಲೇಯಿಂದಲೇ ಮೋಟರ್ ಓಡಿಸಲು ಹೋಗುತ್ತಾರೆ. ಅದರ ಮೇಲೆ 10 ಆಂಪಿಯರ್ ಎಂದು ಬರೆದಿರುತ್ತದೆ, ಆದರೆ ಅದು ಹೀಟರಿನಂಥ ಹೊರೆಗೆ. 2 ಎಚ್‌ಪಿ ಸಿಂಗಲ್ ಫೇಸ್ ಮೋಟರ್ ಓಡುವಾಗಲೇ 10 ಆಂಪಿಯರ್ ಸಮೀಪ ಎಳೆಯುತ್ತದೆ, ಶುರುವಾಗುವ ಕ್ಷಣದಲ್ಲಿ ಐದಾರು ಪಟ್ಟು. ಕೆಲವು ವಾರದಲ್ಲಿ ರಿಲೇಯ ಒಳಗಿನ ತುದಿಗಳು ಬೆಸೆದುಕೊಂಡು, ಕಾರ್ಡ್ ತೆಗೆದರೂ ಯಂತ್ರಕ್ಕೆ ಕರೆಂಟ್ ಹೋಗುತ್ತಲೇ ಇರುತ್ತದೆ. ರಿಲೇ ಒಂದು ಕಾಂಟ್ಯಾಕ್ಟರಿನ (ಮೋಟರಿನಂಥ ಹೊರೆಗೆಂದೇ ಮಾಡಿದ ದೊಡ್ಡ ಸ್ವಿಚ್) ಕಾಯಿಲ್ (ಆ ಸ್ವಿಚ್ಚನ್ನು ಎಳೆದು ಸೇರಿಸುವ ಸುರುಳಿ) ಸರ್ಕ್ಯೂಟನ್ನು ಮಾತ್ರ ನೋಡಿಕೊಳ್ಳಲಿ, ಮೋಟರಿನ ಹೊರೆ ಕಾಂಟ್ಯಾಕ್ಟರ್ ಹೊರಲಿ. ಅಂಗಡಿಯಲ್ಲಿ ಎಸಿ-3 (ಮೋಟರಿನ ಹೊರೆಯ) ರೇಟಿಂಗ್ ಕೇಳಿ, ಎಸಿ-1 (ಹೀಟರಿನಂಥ ಹೊರೆಯ) ಅಂಕಿ ನೋಡಿ ಮೋಸಹೋಗಬೇಡಿ. ನಿಮ್ಮ ಟೇಬಲ್ ಸಾಗೆ 18 ಆಂಪಿಯರ್ ಎಸಿ-3, 230 ವೋಲ್ಟ್ ಕಾಯಿಲ್ ಇರುವುದು ಸಾಕು. ಫೇಸ್, ನ್ಯೂಟ್ರಲ್ ಎರಡನ್ನೂ ಅದರ ಮೂಲಕವೇ ಕಡಿಯಿರಿ. ಕಾಯಿಲಿಗೆ ಅಡ್ಡಲಾಗಿ 100 ಓಮ್, 0.1 ಮೈಕ್ರೊಫ್ಯಾರಡ್ ಎಕ್ಸ್2 ಕೆಪಾಸಿಟರಿನ ಸ್ನಬ್ಬರ್ (ಕಾಯಿಲಿನ ವೋಲ್ಟೇಜ್ ಜಿಗಿತ ತಗ್ಗಿಸುವ ಜೋಡಣೆ) ಹಾಕದಿದ್ದರೆ ಕಾಂಟ್ಯಾಕ್ಟರ್ ಬಿಟ್ಟಾಗ ಇಎಸ್‌ಪಿ32 ತಾನಾಗಿ ರೀಸೆಟ್ ಆಗಬಹುದು.

ಅನುಮತಿಯ ರಿಲೇಯನ್ನು ಎಲ್ಲಿ ಕೂರಿಸಬೇಕು ಎನ್ನುವುದೇ ಈ ಇಡೀ ಕೆಲಸದ ತಿರುಳು, ಸಾವಧಾನವಾಗಿ ಓದಿ. ಕಾಯಿಲಿಗೆ ಹೋಗುವ ಫೇಸ್ ಮೊದಲು ಫ್ಯೂಸ್, ಆಮೇಲೆ ಅಣಬೆ ತಲೆಯ ಕೆಂಪು ಎಮರ್ಜೆನ್ಸಿ ಸ್ಟಾಪ್, ಓವರ್‌ಲೋಡ್ ರಿಲೇಯ (ಮೋಟರಿಗೆ ಹೊರೆ ಮೀರಿದರೆ ಕಡಿಯುವ ಸಾಧನ) 95–96 ತುದಿಗಳು, ಸ್ಟಾಪ್ ಬಟನ್ ದಾಟಿ ಬರುತ್ತದೆ. ಅಲ್ಲಿ ದಾರಿ ಎರಡಾಗುತ್ತದೆ. ಒಂದು ಕವಲಿನಲ್ಲಿ ಹಸಿರು ಸ್ಟಾರ್ಟ್ ಬಟನ್, ಇನ್ನೊಂದರಲ್ಲಿ ಕಾಂಟ್ಯಾಕ್ಟರಿನದೇ 13–14 ಹೋಲ್ಡಿಂಗ್ ಕಾಂಟ್ಯಾಕ್ಟ್ (ಸ್ಟಾರ್ಟ್ ಬಿಟ್ಟ ಮೇಲೂ ಕಾಯಿಲಿಗೆ ಕರೆಂಟ್ ಉಳಿಸುವ ತುದಿಗಳು). ಎರಡೂ ಕೂಡಿ ಕಾಯಿಲಿನ ಎ1 ತುದಿ ಸೇರುತ್ತವೆ. ಅನುಮತಿಯ ರಿಲೇ ಸ್ಟಾರ್ಟ್ ಬಟನ್ ಇರುವ ಕವಲಿನಲ್ಲಿ ಮಾತ್ರ ಸೀರೀಸ್ ಆಗಿ ಕೂರಬೇಕು. ಕವಲೊಡೆಯುವ ಮೊದಲೇ ಕೂರಿಸಿದರೆ ಕಾರ್ಡ್ ಅಲುಗಿದರೂ, ಸಾಫ್ಟ್‌ವೇರ್ ತಡವರಿಸಿದರೂ, ವೈಫೈ ಗೊಂದಲಕ್ಕೆ ಪ್ರೋಗ್ರಾಂ ರೀಸೆಟ್ ಆದರೂ ಕೊಯ್ಯುವ ನಡುವೆಯೇ ಬ್ಲೇಡ್ ಸೊರಗುತ್ತದೆ. ಸೊರಗುವ ಬ್ಲೇಡಿನಲ್ಲಿ ಮರ ಕಚ್ಚಿಕೊಂಡರೆ ಜನ ಬಗ್ಗಿ ಎಳೆಯಲು ಹೋಗುತ್ತಾರೆ, ಕೈ ಹೋಗುವುದು ಆಗಲೇ. ಸ್ಟಾರ್ಟಿನ ಕವಲಿನಲ್ಲಿ ಕೂರಿಸಿದರೆ ಕಾರ್ಡಿಗೆ ಶುರುಮಾಡಲು ಬಿಡುವ ಅಧಿಕಾರ ಮಾತ್ರ ಇರುತ್ತದೆ. ಓಡುವ ಯಂತ್ರ ನಿಲ್ಲುವುದು ಮನುಷ್ಯ ಬಟನ್ ಒತ್ತಿದಾಗ, ಓವರ್‌ಲೋಡ್ ಬಿದ್ದಾಗ ಅಥವಾ ಕರೆಂಟ್ ಹೋದಾಗ. ನಿಲ್ಲಿಸುವ ದಾರಿಯಲ್ಲಿ ಸಾಫ್ಟ್‌ವೇರ್ ಎಲ್ಲಿಯೂ ಇರಬಾರದು.

ಹೋಲ್ಡಿಂಗ್ ಕಾಂಟ್ಯಾಕ್ಟಿನಿಂದ ಇನ್ನೊಂದು ರಕ್ಷಣೆ ಸಿಗುತ್ತದೆ: ಕರೆಂಟ್ ಹೋಗಿ ಬಂದಾಗ ಯಂತ್ರ ತಾನಾಗಿ ಶುರುವಾಗುವುದಿಲ್ಲ. ನಿಮ್ಮ ಎಲೆಕ್ಟ್ರಿಷಿಯನ್ ಪಂಪ್‌ಸೆಟ್ ಕೆಲಸ ಮಾಡುವವರಾದರೆ ಈ ಮಾತನ್ನು ಬಿಡಿಸಿ ಹೇಳಿ. ರಾತ್ರಿ ಯಾವ ಹೊತ್ತಿಗೋ ತ್ರೀ ಫೇಸ್ ಬಂದರೂ ಮೋಟರ್ ಓಡಲಿ ಎಂದು ಹೊಲದಲ್ಲಿ ಆಟೋ ಸ್ಟಾರ್ಟರ್ ಹಾಕುವುದು ಅವರಿಗೆ ರೂಢಿ. ಪಂಪಿಗೆ ಅನುಕೂಲವಾದ ಅದೇ ಸ್ಟಾರ್ಟರ್ ಗರಗಸದಲ್ಲಿದ್ದರೆ, ಕರೆಂಟ್ ಇಲ್ಲವೆಂದು ಬ್ಲೇಡ್ ಬದಲಾಯಿಸುತ್ತಿರುವ ಕೈ ಕತ್ತರಿಸುತ್ತದೆ.

ಲೇತಿನಲ್ಲಿ ಒಂದು ತೊಡಕಿದೆ. ಅನೇಕ ಲೇತುಗಳಲ್ಲಿ ಮುಂದೆ–ಹಿಂದೆ ತಿರುಗಿಸುವ ಲಿವರ್ ಅಥವಾ ಡ್ರಮ್ ಸ್ವಿಚ್ ಇರುತ್ತದೆ. ಲಿವರ್ ಮುಂದಿನ ಸ್ಥಾನದಲ್ಲೇ ಉಳಿದಿದ್ದಾಗ ಮುಖ್ಯ ಕಾಂಟ್ಯಾಕ್ಟರ್ ಸೇರಿಸಿದರೆ ಚಕ್ ತಕ್ಷಣ ತಿರುಗುತ್ತದೆ. ಲಿವರ್ ಮಧ್ಯದಲ್ಲಿದ್ದರೆ ಮಾತ್ರ ಸ್ಟಾರ್ಟ್ ಬಟನ್ ಕೆಲಸ ಮಾಡುವಂತೆ ಒಂದು ಲಿಮಿಟ್ ಸ್ವಿಚ್ಚನ್ನು ಅದೇ ಸ್ಟಾರ್ಟ್ ಕವಲಿಗೆ ಸೇರಿಸಿ. ತ್ರೀ ಫೇಸ್ ಯಂತ್ರದ ಮೈಗೆ ಎರಡು ಬೇರೆ ಬೇರೆ ಅರ್ತ್ ತಂತಿ ಬಂದಿವೆಯೇ ಎಂದೂ ಆಗಲೇ ನೋಡಿಸಿಬಿಡಿ.

ಸಣ್ಣ ವಿಷಯಗಳು ಕೆಲವು. ರೀಡರನ್ನು ಕಬ್ಬಿಣದ ಮೈಗೆ ಅಂಟಿಸಿದರೆ ಕಾರ್ಡ್ ಓದುವುದೇ ಇಲ್ಲ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಲೋಹದಿಂದ 25–30 ಮಿ.ಮೀ. ದೂರ ಇಡಿ. ಡಬ್ಬಿ ಕನಿಷ್ಠ ಐಪಿ54 (ಹುಡಿ, ನೀರಿನ ಸಿಡಿತ ತಡೆಯುವ ದರ್ಜೆ) ಇರಲಿ, ಮರದ ಹುಡಿ ಎಲ್ಲಿಗೂ ನುಗ್ಗುತ್ತದೆ. ಅನುಮತಿಯ ಪಟ್ಟಿ ಬೋರ್ಡಿನಲ್ಲೇ ಉಳಿದಿರಲಿ, ಇಂಟರ್ನೆಟ್ ಬಂದಾಗ ಹೊಸದಾಗಲಿ. ನೆಟ್ ಇಲ್ಲದ ದಿನ ಕೆಲಸ ನಿಂತರೆ ಮಾರನೆಯ ದಿನವೇ ಯಾರೋ ವೈರ್ ಬೈಪಾಸ್ ಮಾಡಿರುತ್ತಾರೆ. ದೀಪ, ಎಕ್ಸಾಸ್ಟ್ ಫ್ಯಾನ್, ಹುಡಿ ಎಳೆಯುವ ಯಂತ್ರ ಇವನ್ನು ಕಾರ್ಡಿಗೆ ಕಟ್ಟಬೇಡಿ. ಬಾಗಿಲಿಗೆ ಮ್ಯಾಗ್ನೆಟ್ ಲಾಕ್ ಹಾಕಿದರೆ ಒಳಗಿನಿಂದ ಹೊರಬರಲು ಕಾರ್ಡ್ ಬೇಕಾಗಬಾರದು, ಅದರ ಕರೆಂಟನ್ನು ನೇರ ಕಡಿಯುವ ಬಟನ್ ಇರಬೇಕು.

ಗ್ರೈಂಡರಿಗೆ ಇದು ಯಾವುದೂ ಒಗ್ಗುವುದಿಲ್ಲ. ಪ್ಲಗ್ ಎಲ್ಲಿ ಬೇಕಾದರೂ ಹಾಕಬಹುದಲ್ಲ. ಅದರ ಅಪಾಯ ಡಿಸ್ಕಿನಲ್ಲಿದೆ. 4 ಇಂಚಿನ ಗ್ರೈಂಡರ್ ಸಾಮಾನ್ಯವಾಗಿ ನಿಮಿಷಕ್ಕೆ 11,000 ಸುತ್ತು. 100 ಮಿ.ಮೀ. ಕಟಿಂಗ್ ಡಿಸ್ಕ್ ಮೇಲೆ 15,300 ಎಂದು ಬರೆದಿರುತ್ತದೆ, ಸಾಕಷ್ಟು ಅಂತರವಿದೆ. ಆದರೆ ಗಾರ್ಡ್ ಬಿಚ್ಚಿ 180 ಮಿ.ಮೀ. ಡಿಸ್ಕ್ ಸಿಕ್ಕಿಸಿದರೆ, ಅದರ ಮಿತಿ 8,500. ಮಿತಿ ಮೀರಿದ ಡಿಸ್ಕ್ ಒಡೆದು ಚೂರು ಮುಖಕ್ಕೇ ಬರುತ್ತದೆ. ಮರ ಕೊಯ್ಯುವ ಹಲ್ಲಿನ ಬ್ಲೇಡನ್ನು ಗ್ರೈಂಡರಿಗೆ ಹಾಕುವುದನ್ನಂತೂ ಠರಾವಿನಲ್ಲೇ ನಿಷೇಧಿಸಿ. ಮೂರೂ ಗ್ರೈಂಡರ್, ಸ್ಪ್ಯಾನರ್, ಡಿಸ್ಕುಗಳು ಒಂದೇ ಬೀಗದ ಕಪಾಟಿನಲ್ಲಿರಲಿ, ಕಾರ್ಡ್ ಬಂದ ಮೇಲೆ ಕಪಾಟು ಕಾರ್ಡಿಗೆ ತೆರೆಯಲಿ. ದೊಡ್ಡ ಡಿಸ್ಕ್ ಕಟ್ಟಡದೊಳಗೇ ಬೇಡ. ಗಾರ್ಡ್ ಇಲ್ಲದೆ ಮರಳಿ ಬಂದ ಗ್ರೈಂಡರಿಗೆ ಆ ದಿನವೇ ಕೆಂಪು ಚೀಟಿ. ಕೆಟ್ಟ ಯಂತ್ರಕ್ಕೆ ಚೀಟಿ ಹಾಕಿ ನಿಲ್ಲಿಸುವ ಹಕ್ಕು ಯಾವ ಸದಸ್ಯರಿಗೂ ಇರಲಿ, ಚೀಟಿ ತೆಗೆಯುವ ಹಕ್ಕು ಇಬ್ಬರಿಗೆ ಮಾತ್ರ.

ಕಾರ್ಡಿಗೆ ಆಗದ ಕೆಲಸವನ್ನೂ ತಿಳಿದಿರಿ. 2011ರ ಏಪ್ರಿಲಿನಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಯಂತ್ರಶಾಲೆಯಲ್ಲಿ ರಾತ್ರಿ ಒಬ್ಬಳೇ ಕೆಲಸ ಮಾಡುತ್ತಿದ್ದ ವಿದ್ಯಾರ್ಥಿನಿಯೊಬ್ಬಳ ಕೂದಲು ಲೇತಿಗೆ ಸಿಕ್ಕಿ ಆಕೆ ತೀರಿಕೊಂಡಳು. ಅಲ್ಲಿ ಕೆಲಸ ಮಾಡಲು ಆಕೆಗೆ ಅವಕಾಶ ಇತ್ತು, ಯಾವ ಕಾರ್ಡ್ ರೀಡರೂ ಆಕೆಯನ್ನು ತಡೆಯುತ್ತಿರಲಿಲ್ಲ. ಪಕ್ಕದಲ್ಲಿ ಇನ್ನೊಬ್ಬರಿದ್ದು ಸ್ಟಾಪ್ ಒತ್ತುವಂತಿದ್ದರೆ ಎಂದು ಯೋಚಿಸಿದರೆ ಹೊಟ್ಟೆ ತೊಳಸುತ್ತದೆ. ಆದ್ದರಿಂದ ಕೆಂಪು ಯಂತ್ರಕ್ಕೆ ಎರಡು ಗೂಡು ಮಾಡಿ: ಒಂದರಲ್ಲಿ ನಡೆಸುವವರ ಕಾರ್ಡ್, ಇನ್ನೊಂದರಲ್ಲಿ ಜೊತೆಗಿರುವವರ ಕಾರ್ಡ್. ಎರಡೂ ಇಲ್ಲದೆ ಸ್ಟಾರ್ಟ್ ಇಲ್ಲ. ಜೊತೆಗಾರರಿಗೆ ಆ ಯಂತ್ರದ ಅನುಮತಿ ಬೇಕಿಲ್ಲ, ಎಮರ್ಜೆನ್ಸಿ ಸ್ಟಾಪ್ ಎಲ್ಲಿದೆ, 108ಕ್ಕೆ ಕರೆ ಮಾಡಿ ವಿಳಾಸ ಹೇಗೆ ಹೇಳಬೇಕು ಎಂದು ಗೊತ್ತಿದ್ದರೆ ಸಾಕು. ವಿಳಾಸವನ್ನು ಹತ್ತಿರದ ಗುರುತಿನ ಸಮೇತ ಗೋಡೆಯ ಮೇಲೆ ಬರೆದಿಡಿ. ಬೆರಳು ತುಂಡಾದರೆ ಅದನ್ನು ಒದ್ದೆ ಮಾಡಿದ ಶುಚಿ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯ ಮೇಲಿಡಬೇಕು. ಬೆರಳಿಗೆ ಮಂಜುಗಡ್ಡೆ ನೇರ ತಾಗಬಾರದು.

ತಪ್ಪು ಮಾಡಿದವರಿಗೆ ದಂಡ ಹಾಕಬೇಡಿ, ದಂಡ ಇರುವಲ್ಲಿ ಅವಘಡ ಮುಚ್ಚಿಹೋಗುತ್ತದೆ. ಸ್ವಲ್ಪದರಲ್ಲಿ ತಪ್ಪಿದ ಗಂಡಾಂತರವನ್ನು ಬರೆಯಲು ಒಂದು ನೋಟ್‌ಬುಕ್ ಇಟ್ಟು, ಬರೆದವರಿಗೆ ಧನ್ಯವಾದ ಹೇಳಿ. ಹಲಗೆ ಬಡಿದ ನಿಮ್ಮ ಸದಸ್ಯರದೇ ಅದರಲ್ಲಿ ಮೊದಲ ಪುಟವಾಗಲಿ, ಬ್ಲೇಡ್ ಎಷ್ಟು ಎತ್ತರ ಇತ್ತು, ಎಲ್ಲಿ ನಿಂತಿದ್ದರು ಎಂಬ ವಿವರದೊಂದಿಗೆ. ಕಾರ್ಡ್ ಕೊಟ್ಟವರು, ಗಾರ್ಡ್ ಬಿಚ್ಚಿದವರು ಮಾತ್ರ ಒಂದು ತಿಂಗಳು ಕೆಂಪು ಯಂತ್ರಗಳಿಂದ ಹೊರಗೆ, ಅದರಲ್ಲಿ ಮುಲಾಜಿಲ್ಲ.

ಎಲ್ಲವನ್ನೂ ಒಟ್ಟಿಗೆ ಮಾಡಲು ಹೋಗಬೇಡಿ. ಈ ವಾರ ಪ್ಲಗ್ ಡಬ್ಬಿಗೆ ಬೀಗ, ಪುಸ್ತಕ, ಗ್ರೈಂಡರ್ ಕಪಾಟು. ಎರಡು ತಿಂಗಳು ಪರೀಕ್ಷೆಗಳು ನಡೆಯಲಿ. ಆಮೇಲೆ ಟೇಬಲ್ ಸಾ ಒಂದಕ್ಕೇ ಕಾರ್ಡ್ ಹಾಕಿ ಒಂದು ತಿಂಗಳು ನೋಡಿ, ಬಳಿಕ ಲೇತ್. ವೈರಿಂಗನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಪ್ರತಿ ತಿಂಗಳ ಮೊದಲ ಭಾನುವಾರ ಎರಡು ಪರೀಕ್ಷೆ: ಕಾರ್ಡ್ ಇಲ್ಲದೆ ಸ್ಟಾರ್ಟ್ ಒತ್ತಿದರೆ ಯಂತ್ರ ಸುಮ್ಮನಿರಬೇಕು, ಓಡುವಾಗ ಎಮರ್ಜೆನ್ಸಿ ಸ್ಟಾಪ್ ಒತ್ತಿದರೆ ಕಾಂಟ್ಯಾಕ್ಟರ್ 'ಟಕ್' ಎಂದು ಬಿಡಬೇಕು. ಸದ್ದು ಬಾರದೆ ಬ್ಲೇಡ್ ತಿರುಗುತ್ತಲೇ ಇದ್ದರೆ ಕಾಂಟ್ಯಾಕ್ಟರ್ ಬೆಸೆದುಕೊಂಡಿದೆ. ಕೈಗೆಟುಕುವ ದೂರದ ಐಸೊಲೇಟರ್ ಆಫ್ ಮಾಡಿ, ಬೀಗ ಹಾಕಿ, ಕಾಂಟ್ಯಾಕ್ಟರ್ ಬದಲಾಯಿಸುವವರೆಗೆ ಆ ಯಂತ್ರ ಯಾರಿಗೂ ಇಲ್ಲ.